ಎಣಿಕೆ ಸರಿಯೇ ಇತ್ತು

ನವೆಂಬರ್ ೩, ಭಾನುವಾರ

ಸಿಟ್ಟು ಬಂದಿದೆ. ಬಸ್ಸಿನಲ್ಲಿದ್ದಾಗ ಸಿಟ್ಟು ಬಂದರೆ ಕೇಳಲು ಅರವತ್ತು ಮಂದಿ ಇರುತ್ತಿದ್ದರು. ಈಗ ಮನೆಯಲ್ಲಿ ಇರುವುದು ಹೆಂಡತಿ ಪಾರ್ವತಿ ಒಬ್ಬಳು. ಸಿಟ್ಟು ಬಂದಿರುವುದೂ ಅವಳ ಮೇಲೆಯೇ. ಹಾಗಾಗಿ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಕಂಡಕ್ಟರ್ ನೌಕರಿಯಿಂದ ನಿವೃತ್ತನಾಗಿ ತಿಂಗಳು ತುಂಬಿತು. ಇನ್ನು ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಚಹಾ ಕುಡಿಯುವುದೊಂದೇ ಕೆಲಸ ಎಂದುಕೊಂಡಿದ್ದೆ. ಈ ಮಹಾರಾಯಿತಿ ಮಹಿಳಾ ಸಂಘದವರ ಜೊತೆ ಬೀದರಿಗೆ ಪ್ರವಾಸೋದ್ಯಮದ ತರಬೇತಿಗೆಂದು ಹೋಗಿ ತಲೆಯಲ್ಲಿ ಹುಳ ಬಿಟ್ಟುಕೊಂಡು ಬಂದಿದ್ದಾಳೆ. ಮಾಳಿಗೆಯ ಮೇಲಿನ ಮೂರು ಖೋಲಿಗಳನ್ನು ಹೋಂ ಸ್ಟೇ ಮಾಡುತ್ತಾಳಂತೆ. ಗುರುತು ಪರಿಚಯ ಇಲ್ಲದವರು ಬಂದು ನಮ್ಮ ಮನೆಯಲ್ಲಿ ಮಲಗುವುದು, ನಮ್ಮ ಬಚ್ಚಲಲ್ಲಿ ಜಳಕ ಮಾಡುವುದು, ನಮ್ಮ ಒಲೆಯ ರೊಟ್ಟಿ ತಿನ್ನುವುದು!

“ಹುಡುಗ್ರಿಬ್ರೂ ಲಾತೂರದಾಗ ಅಂಗಡಿ ಹಾಕ್ಯಾರ, ಖೋಲಿ ಖಾಲಿ ಬಿದ್ದಾವ. ಕಲ್ಯಾಣ ನೋಡಾಕ ಎಲ್ಲೆಲ್ಲಿಂದೋ ಮಂದಿ ಬರ್ತಾರ. ಮನಿ ಊಟ, ಮನಿ ಹಾಸಿಗಿ ಸಿಕ್ರ ಅವರಿಗೂ ಛಲೋ, ನಮಗೂ ಛಲೋ,” ಎಂದಳು.

“ಬಂದವರು ಬರ್ತಾರ, ಹೋಗ್ತಾರ. ಅವರ ಫಿಕೀರ ನಿನಗ್ಯಾಕ?”

“ನೀವು ಜಲ್ಮ ಪೂರಾ ಮಂದೀನ ಊರಿಗಿ ತಂದು ಇಳಿಸೀರಿ. ಇಳದ ಮ್ಯಾಲ ಅವರು ಎಲ್ಲಿ ಉಳೀತಾರ ಅಂತ ಒಮ್ಮೆರ ಕೇಳೀರೇನು?”

ಕೇಳಿಲ್ಲ. ಅದು ಕಂಡಕ್ಟರನ ಕೆಲಸವಲ್ಲ. ಇಳಿದವನ ಹಿಂದೆ ಹೋದರೆ ಬಸ್ಸು ಮುಂದೆ ಹೋಗುವುದು ಹೇಗೆ?

ಬಟ್ಟೆ ಅಂಗಡಿಯ ಗುರುಲಿಂಗ ಆ ಖೋಲಿಗಳನ್ನು ಗೋದಾಮಿಗೆ ಕೇಳುತ್ತಿದ್ದಾನೆ. ಬಟ್ಟೆಯ ಗಂಟುಗಳು ಬಿಸಿನೀರು ಕೇಳುವುದಿಲ್ಲ, ರೊಟ್ಟಿ ಕೇಳುವುದಿಲ್ಲ, ಗೊರಕೆ ಹೊಡೆಯುವುದಿಲ್ಲ. ಕಡೆಗೆ ಒಂದು ತೀರ್ಮಾನಕ್ಕೆ ಬಂದೆವು. ಸಂಕ್ರಾಂತಿಯವರೆಗೆ ಅವಳ ಆಟ. ಅಷ್ಟರೊಳಗೆ ನಡೆಯದಿದ್ದರೆ ಖೋಲಿ ಗುರುಲಿಂಗನಿಗೆ. ಅವಳು “ಆಗ್ಲಿ” ಎಂದು ಒಳಗೆ ಹೋದಳು. ಒಂದಿಷ್ಟು ಜಗಳ ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನವೆಂಬರ್ ೧೧, ಸೋಮವಾರ

ಖೋಲಿಗಳಿಗೆ ಬಣ್ಣ ಹಚ್ಚಿಸುತ್ತಿದ್ದಾಳೆ. ನನಗೂ ಇದಕ್ಕೂ ಸಂಬಂಧವಿಲ್ಲವೆಂದು ಮೊದಲೇ ಹೇಳಿದ್ದೇನೆ. ಆದರೆ ಆ ಪೇಂಟರನಿಗೆ ಮೂಲೆ ಹಚ್ಚಲು ಬರುವುದಿಲ್ಲ. ಮೂರೂ ಖೋಲಿಯ ಮೂಲೆಗಳನ್ನು ನಾನೇ ಏಣಿ ಹತ್ತಿ ಹಚ್ಚಬೇಕಾಯಿತು. ಸೊಂಟ ಹಿಡಿದಿದೆ.

ನವೆಂಬರ್ ೧೮, ಸೋಮವಾರ

ಪುಣೆಯ ಒಂದು ಪ್ರವಾಸ ಕಂಪನಿಯಿಂದ ಪೂನಂ ಎಂಬ ಹುಡುಗಿ ಮನೆ ನೋಡಲು ಬಂದಿದ್ದಳು. ತಾಯಿಯ ತವರು ಭಾಲ್ಕಿಯಂತೆ, ಮಾತು ನಮ್ಮ ಹಾಗೆಯೇ ಆಡುತ್ತಾಳೆ. ಬಂದವಳೇ ಹಾಸಿಗೆ ಒತ್ತಿ ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು, ಕಿಟಕಿ ತೆಗೆದು ಕೋಟೆ ಕಾಣುತ್ತದೆಯೋ ನೋಡಿದಳು. ಕಾಣುತ್ತದೆ. ಇಷ್ಟು ವರ್ಷ ಆ ಕಿಟಕಿ ನಾವು ತೆಗೆದೇ ಇರಲಿಲ್ಲ.

ಆಮೇಲೆ ನಮ್ಮಿಬ್ಬರನ್ನೂ ಕೂರಿಸಿ ಪಾಠ ಮಾಡಿದಳು. ಚೆಕ್ ಇನ್ ಎಂದರೆ ಬಂದು ಇಳಿಯುವುದು, ಚೆಕ್ ಔಟ್ ಎಂದರೆ ಗಂಟು ಕಟ್ಟುವುದು. ಪ್ಯಾಕೇಜ್ ಎಂದರೆ ಗಾಡಿ, ಊಟ, ಹಾಸಿಗೆ, ತಿರುಗಾಟ ಎಲ್ಲ ಒಂದೇ ಟಿಕೇಟಿನಲ್ಲಿ. ಇಟಿನರರಿ ಎಂದು ಇನ್ನೊಂದು ಶಬ್ದ. ಯಾವಾಗ ಹೊರಡಬೇಕು, ಎಲ್ಲೆಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದಂತೆ. ಅಯ್ಯ, ಅದು ನಮ್ಮ ರೂಟು! ಅದಕ್ಕೆ ಇಷ್ಟು ಉದ್ದದ ಹೆಸರೇ?

“ಕಾಕಾ, ಗೆಸ್ಟ್ ಬಂದ ಕೂಡ್ಲೆ ವೆಲ್ಕಮ್ ಡ್ರಿಂಕ್ ಏನ್ ಕೊಡ್ತೀರಿ?”

“ಕಾಲಿಗಿ ನೀರ ಕೊಡ್ತೀವಿ.”

“ಕುಡ್ಯಾಕ, ಕಾಕಾ.”

“ಕಾಲ ತೊಳಕೊಂಡ ಮ್ಯಾಲ ಕುಡ್ಯಾಕೂ ಕೊಡ್ತೀವಿ. ಮೊದಲ ಕಾಲ.”

ಹುಡುಗಿ ನಕ್ಕಳು. ಆದರೆ ಹೋಗುವಾಗ ಹೇಳಿದ ಮಾತು ನಗುವಂಥದ್ದಲ್ಲ. ಡಿಸೆಂಬರಿನಲ್ಲಿ ಎಂಟು ಮಂದಿಯ ಒಂದು ತಂಡವನ್ನು ಕರೆತಂದು ನೋಡುತ್ತಾರಂತೆ. ಅವರು ಖುಷಿಯಾಗಿ ಹೋದರೆ ತಿಂಗಳು ತಿಂಗಳು ತಂಡ ಬರುತ್ತದೆ. ಏನಾದರೂ ಎಡವಟ್ಟಾದರೆ ಕಂಪನಿ ಮತ್ತೆ ಈ ಕಡೆ ಮುಖ ಹಾಕುವುದಿಲ್ಲ. ಪಾರ್ವತಿ ದೇವರ ಜಗುಲಿಯ ಮುಂದೆ ಬಹಳ ಹೊತ್ತು ನಿಂತಿದ್ದಳು.

ನವೆಂಬರ್ ೨೦, ಬುಧವಾರ

ಮೇಲಿನ ಹಾಸಿಗೆಗಳಿಗೆ ಬಿಳಿ ಚಾದರ ಹಾಸಿದ್ದಾಳೆ. “ಮ್ಯಾಲ ಕೂಡಬ್ಯಾಡ್ರಿ, ಸುಕ್ಕ ಬೀಳ್ತದ” ಎನ್ನುತ್ತಾಳೆ. ನನ್ನ ಮನೆಯಲ್ಲಿ ನಾನು ಎಲ್ಲಿ ಕೂಡಬೇಕೆಂಬುದಕ್ಕೂ ಈಗ ಪುಣೆಯ ಅಪ್ಪಣೆ ಬೇಕು.

ಡಿಸೆಂಬರ್ ೫, ಗುರುವಾರ

ಊರು ತೋರಿಸಲು ಒಪ್ಪಿಕೊಂಡಿದ್ದ ಕಾಲೇಜಿನ ಮೇಷ್ಟ್ರು ಕೈ ಎತ್ತಿದರು. ತಂಡ ಬರುವ ದಿನವೇ ಅವರ ನಾದಿನಿಯ ಲಗ್ನವಂತೆ. ಪಾರ್ವತಿ ನನ್ನ ಮುಂದೆ ಚಹಾ ಇಟ್ಟಳು. ಬಸಿಯಲ್ಲಿ ಎರಡು ಶಂಕರಪಾಳಿ ಬೇರೆ. ಆಗಲೇ ನನಗೆ ಗೊತ್ತಾಯಿತು, ಏನೋ ಇದೆ ಎಂದು.

“ನೀವ ಗೈಡ್ ಆಗ್ರಿ.”

“ನಾ? ನನಗ ಏನ್ ಗೊತ್ತದ? ಟಿಕೇಟ ಹರಿಯೋದು ಗೊತ್ತದ, ಚಿಲ್ಲರೆ ಕೇಳೋದು ಗೊತ್ತದ.”

“ಮಂದೀನ ಹತ್ತಿಸೋದು, ಇಳಿಸೋದು, ಎಣಿಸೋದು ಗೊತ್ತದಲ್ಲ. ಅಷ್ಟ ಸಾಕು. ಉಳಿದಿದ್ದ ಕಲ್ಲಿನ ಮ್ಯಾಲ ಬರದಿರ್ತಾರ, ಓದಿ ಹೇಳ್ರಿ.”

ಆಗುವುದಿಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟೆ. ಸಂಜೆ ಸುಮ್ಮನೆ ವಾಕಿಂಗಿಗೆ ಹೋದವನು ಕೋಟೆಯ ಬಾಗಿಲಿನ ಫಲಕವನ್ನು ಎರಡು ಸಲ ಓದಿಕೊಂಡು ಬಂದೆ. ಬೇರೆ ಕೆಲಸ ಇರಲಿಲ್ಲ.

ಡಿಸೆಂಬರ್ ೧೩, ಶುಕ್ರವಾರ

ಬಂದರು. ಎಂಟು ಮಂದಿ, ಜೊತೆಗೆ ಪೂನಂ. ಮೂರು ಜೋಡಿ ಗಂಡ ಹೆಂಡತಿ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಗೃಹಸ್ಥರು, ಮತ್ತೆ ನಿಂಬಾಳಕರ ಬಾಯಿ ಎಂಬ ಒಬ್ಬ ಹಿರಿಯ ಹೆಂಗಸು. ಎಲ್ಲರೂ ಪುಣೆಯವರು, ಎಲ್ಲರದೂ ಮರಾಠಿ. ಕಂಡಕ್ಟರಿಕೆಯಲ್ಲಿ ಉಮರ್ಗಾ, ಸೋಲಾಪುರ ಎಂದು ತಿರುಗಿದವನಿಗೆ ಮರಾಠಿ ಏನು ದೊಡ್ಡದು. ಕಾಲಿಗೆ ನೀರು ಕೊಟ್ಟೆವು. ಪೂನಂಳೂ ತೊಳೆದುಕೊಂಡಳು.

ಪಾರ್ವತಿ ಎಳೆ ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಬಿಸಿ ಬಿಸಿ ಜೋಳದ ರೊಟ್ಟಿ ಮಾಡಿದ್ದಳು. ಬ್ಯಾಂಕಿನವರು “ಬಸ್, ಬಸ್” ಎನ್ನುತ್ತಲೇ ಐದು ರೊಟ್ಟಿ ತಿಂದರು. ನಿಂಬಾಳಕರ ಬಾಯಿ ಮಾತ್ರ ಪಂಕ್ತಿಯ ಕಡೆಯಲ್ಲಿ ಕುಳಿತು, ಎಲ್ಲರಿಗೂ ಬಡಿಸಿದ ಮೇಲೆ ತಟ್ಟೆ ಮುಂದೆ ಮಾಡಿದರು. ತಿಳಿ ಬೂದು ಬಣ್ಣದ ಸೀರೆ. ಬರಿಗೈ. ಯಾರಾದರೂ ಫೋಟೋ ತೆಗೆದರೆ ಪಕ್ಕಕ್ಕೆ ಸರಿಯುತ್ತಾರೆ. ಪಾರ್ವತಿ ಅವರಿಗೆ ತುಪ್ಪ ತುಸು ಹೆಚ್ಚೇ ಹಾಕಿದ್ದನ್ನು ನೋಡಿದೆ.

ನಮ್ಮ ಮೇಲಿನ ಖೋಲಿಗಳಲ್ಲಿ ದೀಪ ಉರಿಯುತ್ತಿದೆ. ಅಂಗಳದಲ್ಲಿ ನಿಂತು ನೋಡಿದೆ. ಯಾರೋ ಗೊರಕೆ ಹೊಡೆಯುತ್ತಿದ್ದಾರೆ. ಹೊಡೆಯಲಿ ಬಿಡಿ, ಪ್ರಯಾಣ ಮಾಡಿ ದಣಿದಿರುತ್ತಾರೆ.

ಡಿಸೆಂಬರ್ ೧೪, ಶನಿವಾರ

ಇಂದು ಗೈಡ್ ಆಗಿಬಿಟ್ಟೆ!

ಕೋಟೆಯ ಬಾಗಿಲಲ್ಲಿ ಎಂಟೂ ಮಂದಿ ಫೋಟೋ ತೆಗೆಯುತ್ತ ಗುಂಪಾಗಿ ನಿಂತುಬಿಟ್ಟರು. ಹಿಂದಿನಿಂದ ಬೇರೆಯವರು ಬರುತ್ತಿದ್ದಾರೆ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. “ಮುಂದ ಸರೀರಿ, ಮುಂದ ಸರೀರಿ, ಬಾಗಲ್ದಾಗ ನಿಂದರಬ್ಯಾಡ್ರಿ! ಒಳಗ ಜಾಗ ಭಾಳ ಅದ!” ಎಂದು ಕೂಗಿಬಿಟ್ಟೆ. ಪೂನಂ ಹಣೆ ಹಿಡಿದುಕೊಂಡಳು. ಆದರೆ ಮಂದಿಗೆ ಅದು ಎಷ್ಟು ಸೇರಿತೆಂದರೆ ಸಂಜೆಯವರೆಗೆ ಒಬ್ಬರಿಗೊಬ್ಬರು ಅದನ್ನೇ ಕೂಗುತ್ತ ತಿರುಗಿದರು. ಬ್ಯಾಂಕಿನವರು ಒಂದು ಬುರುಜಿನ ಇತಿಹಾಸ ಕೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದು ಹೇಗೆ? “ಇದನ್ನ ಕಟ್ಟೋ ದಿನ ನಾ ರಜಾದ ಮ್ಯಾಲ ಇದ್ದೆ ಸಾಹೇಬ್ರ” ಎಂದೆ. ಅದಕ್ಕೂ ನಕ್ಕರು.

ಅನುಭವ ಮಂಟಪದಲ್ಲಿ ನಿಂಬಾಳಕರ ಬಾಯಿ ಮೊದಲ ಸಲ ನನ್ನನ್ನು ತಾವಾಗಿ ಮಾತಾಡಿಸಿದರು. “ಆ ಕಾಲದಲ್ಲಿ ಹೆಂಗಸರೂ ಇಲ್ಲಿ ಎಲ್ಲರ ನಡುವೆ ಕುಳಿತು ಮಾತಾಡುತ್ತಿದ್ದರೇ?” ಎಂದು ಮರಾಠಿಯಲ್ಲಿ ಕೇಳಿದರು. ಕುಳಿತಿದ್ದರು, ಮಾತಾಡಿದ್ದರು, ವಾದವನ್ನೂ ಮಾಡಿದ್ದರು ಎಂದೆ. ಅವರು ಅಲ್ಲಿಯೇ ಸ್ವಲ್ಪ ಹೊತ್ತು ಕುಳಿತುಕೊಂಡರು. ನಾನೂ ಅವಸರ ಮಾಡಲಿಲ್ಲ.

ನಾಳೆ ಹುಮನಾಬಾದ ಕಡೆ. ಒಂದೇ ದಿನ ಉಳಿದಿದೆ. ಪಾರ್ವತಿ ರೊಟ್ಟಿ ಬಡಿಯುತ್ತ ಹಾಡು ಗುನುಗುತ್ತಿದ್ದಾಳೆ.

ಡಿಸೆಂಬರ್ ೧೫, ಭಾನುವಾರ

ಎಂಥ ಕೆಲಸ ಮಾಡಿದೆ! ಬರೆಯಲು ನಾಚಿಕೆಯಾಗುತ್ತದೆ, ಬರೆಯದಿದ್ದರೆ ಹೊಟ್ಟೆಯಲ್ಲಿ ಕೂತುಬಿಡುತ್ತದೆ.

ಬೆಳಿಗ್ಗೆ ಜಲಸಂಗಿಯ ಗುಡಿ ನೋಡಿದೆವು, ಮಾಣಿಕನಗರ ನೋಡಿದೆವು. ಎಲ್ಲ ಸುರಳೀತ. ಹುಮನಾಬಾದದ ಬಸ್ ಸ್ಟ್ಯಾಂಡಿನ ಎದುರು ಚಹಾಕ್ಕೆಂದು ಟೆಂಪೋ ನಿಲ್ಲಿಸಿದೆವು. ಎಲ್ಲರೂ ಚಹಾ ಕುಡಿದರು. ನಿಂಬಾಳಕರ ಬಾಯಿ ಒಂದು ಬಳೆ ಅಂಗಡಿಯ ಮುಂದೆ ನಿಂತಿದ್ದನ್ನು ನಾನು ಕಂಡಿದ್ದೆ. ಕೊಳ್ಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಹೊರಡುವ ಹೊತ್ತಾಯಿತು. ಪೂನಂ ಮುಂದಿನ ಸೀಟಿನಲ್ಲಿ ಕುಳಿತು ಪುಣೆಯ ಆಫೀಸಿನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಟೆಂಪೋದ ಬಾಗಿಲಲ್ಲಿ ನಿಂತೆ, ಎಂದಿನಂತೆ ಒಂದು ಕಾಲು ಮೆಟ್ಟಿಲ ಮೇಲೆ.

ಆಗ ರಸ್ತೆಯ ಬದಿಯಿಂದ ಒಂದು ಕೈ ಮೇಲೆದ್ದಿತು. ರಾಜೇಶ್ವರದ ಜಿಜಾಬಾಯಿ. ನನ್ನ ಬಸ್ಸಿನಲ್ಲಿ ಎಷ್ಟೋ ವರ್ಷ ಸಂತೆಗೆ ಓಡಾಡಿದಾಕೆ.

“ಕಂಡಕ್ಟರ ಸಾಹೇಬ್ರ, ರಾಜೇಶ್ವರ ಹೋಗ್ತದೇನ್ರಿ?”

ಕೈ ಎತ್ತಿದವರನ್ನು ಬಿಟ್ಟು ಹೋದವನೇ ಅಲ್ಲ ನಾನು. ಪ್ರವಾಸಿಗರ ಗಾಡಿ, ಬೇರೆಯವರನ್ನು ಹತ್ತಿಸಬಾರದು ಎಂಬುದು ನೆನಪಿಗೇ ಬರಲಿಲ್ಲ. “ಹತ್ರಿ ಹತ್ರಿ, ಜಲ್ದಿ ಹತ್ರಿ, ಹಿಂದ ಜಾಗ ಅದ” ಎಂದುಬಿಟ್ಟೆ. ಆಕೆ ಹಿಂದಿನ ಸೀಟಿಗೆ ಹೋಗಿ, ತಲೆತುಂಬ ಸೆರಗು ಹೊದ್ದು, ಕಿಟಕಿಗೆ ಒರಗಿದಳು. ಆಮೇಲೆ ನಾನು ಎಣಿಸಿದೆ. ಎಂಟು ತಲೆ. ಇನ್ನೊಮ್ಮೆ ಎಣಿಸಿದೆ. ಎಂಟು. ತಗಡಿಗೆ ಎರಡು ಸಲ ಬಡಿದು “ರೈಟ್!” ಎಂದೆ. ಡ್ರೈವರ್ ಅನೀಲಕುಮಾರ ಗಾಡಿ ಎಬ್ಬಿಸಿದ.

ರಾಜೇಶ್ವರ ಬಂದಿತು. ಹಿಂದಿನಿಂದ ಸೆರಗು ಸರಿಸಿಕೊಂಡು ಜಿಜಾಬಾಯಿ ಎದ್ದು ಬಂದಳು. “ಇಲ್ಲೇ ಇಳಸ್ರಿ ಸಾಹೇಬ್ರ. ಈ ಬಸ್ ಭಾಳ ಛಲೋ ಅದ, ಸೀಟ ಮೆತ್ತಗದಾವ,” ಎಂದಳು.

ಪೂನಂ ತಿರುಗಿ ನೋಡಿದಳು. “ಕಾಕಾ, ಇವರ್ಯಾರು?”

ನಾನು ಮತ್ತೆ ತಲೆ ಎಣಿಸತೊಡಗಿದೆ. ಆಗಲೇ ನಡುವಿನ ಸೀಟಿನ ಮೇಲಿದ್ದ ಒಂದು ಕೈಚೀಲದೊಳಗೆ ಫೋನು ರಿಂಗಾಗತೊಡಗಿತು. ಅದು ನಿಂಬಾಳಕರ ಬಾಯಿಯ ಕೈಚೀಲ. ಬಾಯಿ ಹುಮನಾಬಾದದಲ್ಲೇ ಉಳಿದಿದ್ದರು.

“ಎಣಿಸಲಿಲ್ಲೇನು ಕಾಕಾ?” ಎಂದಳು ಪೂನಂ.

“ಎರಡ ಸಲ ಎಣಿಸೀನವ್ವ. ಎಂಟ ಇದ್ರು.”

“ಆಯೀಗಿ ಟಿಕೇಟ ಹರದ್ರೇನು ಸಾಹೇಬ್ರ?” ಎಂದ ಅನೀಲಕುಮಾರ. ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ, ಶನಿ! “ನಕ್ಕೋತ ಕೂಡಬ್ಯಾಡ, ಗಾಡಿ ತಿರಗಸು” ಎಂದು ಗದರಿಸಿದೆ. ಜಿಜಾಬಾಯಿ ಇಳಿದದ್ದೇ ಟೆಂಪೋ ತಿರುಗಿ ಹುಮನಾಬಾದಕ್ಕೆ ಓಡಿತು. ಊರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಕೈಯಲ್ಲಿ ಫೋನಿಲ್ಲದ ಹೆಂಗಸು. ನನಗೆ ಪಾರ್ವತಿಯ ಮುಖ ಕಣ್ಣಮುಂದೆ ಬರುತ್ತಿತ್ತು. ಅವಳು ಎರಡು ತಿಂಗಳು ಕಟ್ಟಿದ್ದನ್ನು ನಾನು ಎರಡು ಬಡಿತದಲ್ಲಿ ಕೆಡವಿದ್ದೆ.

ಬಳೆ ಅಂಗಡಿಯ ಮುಂದೆ ಯಾರೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಕಂಟ್ರೋಲ್ ರೂಮಿಗೆ ಓಡಿದೆ. ಹಳೆಯ ಪರಿಚಯದವರು ಮೈಕಿನಲ್ಲಿ ಕೂಗಿಸಿದರು. ಕೇಳಿ ಚಹಾದ ಅಂಗಡಿಯವನು ಓಡಿ ಬಂದ. “ಪುಣೆದ ಆಯೀನ? ಧೂಳಮ್ಮನ ಸಂಗಟ ಹೋದ್ರಲ್ರಿ! ಕುರಿ ಧೂಳಮ್ಮ, ಹಿಂದಿನ ಗಲ್ಲ್ಯಾಗ ಇರ್ತಾಳಲ್ಲ, ಬೇವಿನ ಗಿಡದ ಮನಿ.”

ನಾನೂ ಪೂನಂಳೂ ಗಲ್ಲಿಯಲ್ಲಿ ಹೆಚ್ಚುಕಡಿಮೆ ಓಡಿದೆವು. ಬೇವಿನ ಗಿಡದ ಕೆಳಗೆ ಕರಿ ಕಂಬಳಿ ಹಾಸಿತ್ತು. ಕಂಬಳಿಯ ಮೇಲೆ ನಿಂಬಾಳಕರ ಬಾಯಿ ಚಕ್ಕಳಮಕ್ಕಳ ಹಾಕಿ ಕುಳಿತು ರೊಟ್ಟಿ ತಿನ್ನುತ್ತಿದ್ದರು. ಒಂದು ಕುರಿಮರಿ ಅವರ ಸೀರೆಯ ಸೆರಗನ್ನು ಚೀಪುತ್ತಿತ್ತು. ಎದುರಿಗೆ ಧೂಳಮ್ಮ. ಈಕೆಯದು ಮರಾಠಿ, ಆಕೆಯದು ಕನ್ನಡ, ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಇಬ್ಬರೂ ನಗುತ್ತಿದ್ದರು.

“ಬಾ ಅಣ್ಣಾ, ಬಾರವ್ವ, ಕೂಡ್ರಿ,” ಎಂದಳು ಧೂಳಮ್ಮ. “ಬಿಸಲಾಗ ನಿಂತಿದ್ರು. ಗಾಡಿ ಹೋತು ಅಂತ ಕೈ ಮಾಡಿ ತೋರ್ಸಿದ್ರು. ಹೋದ ಗಾಡಿ ಹೊಳ್ಳಿ ಬರ್ತದ, ಅಲ್ಲೀತನ ಉಪಾಸ ಯಾಕ ನಿಂದರಬೇಕು ಅಂತ ಕರಕೊಂಡ ಬಂದೆ. ನೀವೂ ಒಂದೊಂದ ರೊಟ್ಟಿ ತಿನ್ರಿ.”

ಪೂನಂ ಬಾಯಿಯವರ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಅವರೇ ಅವಳ ತಲೆ ಸವರಿದರು. ನಾನು ಕೈ ಮುಗಿದು ನನ್ನ ತಪ್ಪು ಹೇಳಿಕೊಂಡೆ. ಜಿಜಾಬಾಯಿಯನ್ನು ತಾವೆಂದು ಎಣಿಸಿದೆ ಎಂದಾಗ ಅವರು ರೊಟ್ಟಿ ಕೈಯಲ್ಲೇ ಹಿಡಿದು ಹೊಟ್ಟೆ ಹಿಡಿಯುವ ಹಾಗೆ ನಕ್ಕರು. ಮೂರು ದಿನದಲ್ಲಿ ಅವರ ಹಲ್ಲು ನೋಡಿದ್ದು ಆಗಲೇ.

ಹೊರಡಲು ಎದ್ದಾಗ ಧೂಳಮ್ಮ ಅಡ್ಡ ನಿಂತಳು. “ಜರಾ ನಿಂದರ್ರಿ” ಎಂದು ಒಳಗೆ ಹೋಗಿ ಮೊರದಲ್ಲಿ ಜೋಳ, ಒಂದು ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಟ್ರಂಕಿನಲ್ಲಿ ಇಟ್ಟಿದ್ದ ಒಂದು ಹಸಿರು ಕುಪ್ಪಸದ ಖಣ ತಂದಳು. ಮುತ್ತೈದೆಯರ ಮಡಿಲು ತುಂಬುವ ಹಾಗೆ ಉಡಿ ತುಂಬಲು; ಮರಾಠಿಯವರು ಇದಕ್ಕೆ ಓಟಿ ಎನ್ನುತ್ತಾರೆ. ನಿಂಬಾಳಕರ ಬಾಯಿ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಹತ್ತಿ ನಿಂತುಬಿಟ್ಟರು.

“ಇವರಿಗೆ ಹೇಳಿರಿ,” ಎಂದರು ನನಗೆ, ತಲೆ ತಗ್ಗಿಸಿ. “ನನಗೆ ಓಟಿ ತುಂಬುವ ಹಾಗಿಲ್ಲ. ನಮ್ಮವರು ತೀರಿಹೋಗಿ ಬಹಳ ವರ್ಷವಾಯಿತು. ಅವರು ಹೋದ ಮೇಲೆ ಯಾರೂ ತುಂಬಿಲ್ಲ. ಇವರಿಗೆ ಗೊತ್ತಿಲ್ಲ, ಪಾಪ.”

ನಾನು ಹೇಳಿದೆ. ಧೂಳಮ್ಮ ಮೊರ ಕೆಳಗೆ ಇಳಿಸಲಿಲ್ಲ.

“ಅವರ ಗಂಡನೂ ಹೋಗ್ಯಾನ, ನನ್ನ ಗಂಡನೂ ಹೋಗ್ಯಾನ. ಅದಕ್ಕೇನಾತು? ಉಡಿ ಗಂಡಗ ತುಂಬತಾರೇನಣ್ಣ? ಹೆಣ್ಣಮಗಳಿಗಿ ತುಂಬತಾರ. ನನ್ನ ಮನಿಗಿ ಬಂದಾಕಿ ಬರಿ ಉಡೀಲೆ ಹೋಗಂಗಿಲ್ಲ. ಸೆರಗ ಹಿಡಿ ಅಂತ ಹೇಳು.”

ಇದನ್ನು ಮರಾಠಿಯಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ನಿಂಬಾಳಕರ ಬಾಯಿ ಧೂಳಮ್ಮನ ಮುಖವನ್ನು ನೋಡಿದರು. ಆಮೇಲೆ ಸೆರಗು ಬಿಡಿಸಿ ಎರಡೂ ಕೈಯಿಂದ ಹಿಡಿದರು. ಧೂಳಮ್ಮ ಬೊಗಸೆ ಬೊಗಸೆ ಜೋಳ ಹಾಕಿದಳು. ನನ್ನ ಕಣ್ಣಲ್ಲಿ ಕಸ ಬಿತ್ತು ಎಂದು ಇಲ್ಲಿ ಬರೆಯಬಹುದು. ಬಿದ್ದಿರಲಿಲ್ಲ. ಅತ್ತೆ.

ಕಲ್ಯಾಣದವರೆಗೂ ಬಾಯಿ ಆ ಗಂಟನ್ನು ಮಡಿಲಿನಿಂದ ಇಳಿಸಲಿಲ್ಲ. ಅನೀಲಕುಮಾರ ಗಾಡಿಯನ್ನು ಮೆಲ್ಲಗೆ ಓಡಿಸಿದ.

ಡಿಸೆಂಬರ್ ೧೬, ಸೋಮವಾರ

ತಂಡ ಹೋಯಿತು. ಎಲ್ಲರೂ ಪಾರ್ವತಿಯ ಕೈ ಹಿಡಿದು ಮಾತಾಡಿದರು. ನಿಂಬಾಳಕರ ಬಾಯಿ ಅವಳನ್ನು ಅಪ್ಪಿಕೊಂಡರು. ಪೂನಂ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದಳು.

“ಕಾಕಾ, ನೀವಂದ್ರ ನನಗ ಭಾಳ ಗೌರವ ಅದ. ಆದ್ರ ಗೆಸ್ಟನ್ನ ದಾರ್ಯಾಗ ಬಿಟ್ಟು ಬಂದೀವಿ. ಆಫೀಸಿಗಿ ಹೇಳಲೇಬೇಕು. ಅವರು ಏನಂತಾರ, ನನ್ನ ಕೈಯಾಗಿಲ್ಲ.”

ಹೇಳಬೇಕಾದದ್ದೇ. ಅವಳ ಜಾಗದಲ್ಲಿ ನಾನಿದ್ದರೂ ಹೇಳುತ್ತಿದ್ದೆ.

ಪಾರ್ವತಿ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. “ಎಣಿಕಿ ಸರಿ ಇತ್ತಲ್ರಿ?” ಎಂದಳು. “ಸರಿಯೇ ಇತ್ತು” ಎಂದೆ. ಅವಳಿಗೆ ಎಂಥ ನಗು ಬಂತೆಂದರೆ ಸೆರಗು ಬಾಯಿಗೆ ಒತ್ತಿಕೊಂಡು ಕೆಳಗೆ ಕುಳಿತುಬಿಟ್ಟಳು. ನಾನೂ ನಕ್ಕೆ. ಆಮೇಲೆ ಅವಳು ಮೇಲೆ ಹೋಗಿ ಬಿಳಿ ಚಾದರಗಳನ್ನೆಲ್ಲ ತೆಗೆದು, ಒಗೆದು, ಮಡಚಿ ಪೆಟ್ಟಿಗೆಯಲ್ಲಿಟ್ಟಳು.

ಡಿಸೆಂಬರ್ ೨೭, ಶುಕ್ರವಾರ

ಪುಣೆಯಿಂದ ಫೋನಿಲ್ಲ.

ಜನವರಿ ೪, ಶನಿವಾರ

ಗುರುಲಿಂಗ ಟೇಪು ಹಿಡಿದುಕೊಂಡು ಬಂದಿದ್ದ, ಗೋದಾಮಿನ ಅಳತೆ ತೆಗೆಯಲು. ಮೇಲೆ ಹತ್ತಿದವನೇ ಗೋಡೆಗೆ ಕೈ ಊರಿದ. “ಏ, ಬಣ್ಣ ಹೊಸಾದದ, ಕೈ ತಗಿ!” ಎಂದು ಕೂಗಿದೆ. ಕಿಟಕಿಗೆ ಹಲಗೆ ಹೊಡೆದು ಮುಚ್ಚಿಬಿಡುತ್ತಾನಂತೆ, ಬಟ್ಟೆಗೆ ಬಿಸಿಲು ತಾಗಬಾರದಂತೆ. ಕೋಟೆ ಕಾಣುವ ಕಿಟಕಿ!

“ಸಂಕ್ರಾಂತಿ ಇನ್ನಾ ಬಂದಿಲ್ಲ. ಬಂದ ಮ್ಯಾಲ ಬಾ,” ಎಂದೆ.

“ಹತ್ತ ದಿನ ಅದ ಮಾವ. ಅಳತಿ ತಗೊಂಡ್ರ ಏನಾಗ್ತದ?”

“ಹತ್ತ ದಿನ ಅಂದ್ರ ಹತ್ತ ದಿನ. ಹೋಗು.”

ಅವನು ಹೋದ ಮೇಲೆ ಸುಮ್ಮನೆ ಮೇಲಿನ ಖೋಲಿಯ ಹಾಸಿಗೆಯ ಮೇಲೆ ಕುಳಿತೆ. ಚಾದರ ಇರಲಿಲ್ಲ. ಯಾರೂ ಬೇಡ ಎನ್ನಲಿಲ್ಲ. ಹೆಚ್ಚು ಹೊತ್ತು ಕುಳಿತಿರಲು ಮನಸ್ಸು ಬರಲಿಲ್ಲ.

ಜನವರಿ ೯, ಗುರುವಾರ

ಪೂನಂ ಫೋನ್ ಮಾಡಿದಳು. ಪಾರ್ವತಿ ಹಿಟ್ಟಿನ ಕೈಯಲ್ಲಿದ್ದಳು, ಹಾಗಾಗಿ ನಾನೇ ಎತ್ತಿದೆ.

“ಕಾಕಾ, ಆಫೀಸಿನವ್ರು ಬೈದ್ರು. ನನಗೂ ಬೈದ್ರು, ನಿಮಗೂ ಬೈದ್ರು. ಕಲ್ಯಾಣದ ಮನಿ ಪಟ್ಟ್ಯಾಗಿಂದ ತಗದುಬಿಡು ಅಂದ್ರು.”

“ಸರಿ ಅವ್ವ,” ಎಂದೆ.

“ಪೂರಾ ಕೇಳ್ರಿ ಕಾಕಾ. ನಿಂಬಾಳಕರ ಆಜಿ ಆಫೀಸಿಗಿ ಬಂದಾರ. ಒಬ್ರ ಅಲ್ಲ, ಅವರ ಕಾಲೋನಿಯ ಹತ್ತ ಮಂದೀನ ಕರಕೊಂಡು. ಎಲ್ಲಾರೂ ಗಂಡ ಹೋದವರು. ಸಂಕ್ರಾಂತಿ ದಿನ ಅಲ್ಲಿ ಮನಿ ಮನ್ಯಾಗ ಮುತ್ತೈದೇರಿಗಿ ಹಳದಿ ಕುಂಕುಮ ಇರ್ತದ. ಇವರನ್ನ ಯಾರೂ ಕರೆಯಂಗಿಲ್ಲ, ಒಳಗ ಬಾಗಲ ಹಾಕೊಂಡ ಕೂಡ್ತಾರ. ಈ ಸಲ ಆ ದಿನಕ್ಕ ನಿಮ್ಮ ಮನಿಗೇ ಬರ್ತೀವಿ ಅಂತ ಹಟ ಹಿಡದ್ಕೊಂಡ ಕುಂತಾರ. ಮ್ಯಾನೇಜರ್ ಕೋಟಿ ಬಗ್ಗಿ, ಗುಡಿ ಬಗ್ಗಿ ಹೇಳಾಕ ಹೋದ್ರ, ಅವೆಲ್ಲಾ ಆಮ್ಯಾಲ ನೋಡೂಣು, ಮೊದಲ ಒಂದ ಮಾತ ಕೇಳಿ ಹೇಳ್ರಿ ಅಂದ್ರು.”

“ಏನದು?”

“ಅಲ್ಲಿ ನಮ್ಮ ಓಟಿ ತುಂಬ್ತಾರೇನು ಅಂತ.”

ನಾನು ಫೋನನ್ನು ಪಾರ್ವತಿಯ ಕಿವಿಗೆ ಹಿಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಹಿಟ್ಟಿನ ಕೈ ಪರಾತದ ಮೇಲೆ ಹಾಗೆಯೇ ನಿಂತಿತ್ತು.

“ಬರಲಿ ಅನ್ನವ್ವ,” ಎಂದಳು. “ಇದ ಕೇಳೂ ಮಾತೇನು? ಹೆಣ್ಣಮಕ್ಕಳು ಮನಿಗಿ ಬರಾಕ ಅಪ್ಪಣಿ ಕೇಳ್ತಾರೇನು? ಎಲ್ಲಾರೂ ಬರಲಿ.”

ಜನವರಿ ೧೨, ಭಾನುವಾರ

ಕೂಡಲು ಪುರುಸೊತ್ತಿಲ್ಲ. ಮೂರು ಖೋಲಿಗೆ ಹನ್ನೊಂದು ಮಂದಿ ಹಿಡಿಸುವುದಿಲ್ಲವೆಂದು ನಮ್ಮ ಮಂಚವನ್ನೂ ಮೇಲೆ ಸಾಗಿಸಿದೆ. ನಾವಿಬ್ಬರೂ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡರಾಯಿತು. ಬೆಳಿಗ್ಗೆ ಹುಮನಾಬಾದಕ್ಕೆ ಹೋಗಿ ಧೂಳಮ್ಮನಿಗೆ ಹೇಳಿ ಬಂದೆ. ಅವಳೂ ಪಾರ್ವತಿಯೂ ಜೊತೆಯಾಗಿ ಉಡಿ ತುಂಬಬೇಕು. “ಮರೀನೂ ತರಲೇನಣ್ಣ, ಆ ಆಯಿ ಅದನ್ನ ಭಾಳ ಹಚ್ಚಿಕೊಂಡಿದ್ರು” ಎಂದಳು. ತಾ ಎಂದೆ. ಟೆಂಪೋದಲ್ಲಿ ಜಾಗ ಇದೆ.

ಮಧ್ಯಾಹ್ನ ಗುರುಲಿಂಗನ ಅಂಗಡಿಗೆ ಹೋದೆ. ಅವನು ನನ್ನನ್ನು ನೋಡಿ ಟೇಪು ಕೈಗೆತ್ತಿಕೊಂಡ.

“ಅದನ್ನ ಕೆಳಗ ಇಡು. ಖೋಲಿ ಸಿಗಂಗಿಲ್ಲ. ಖಣ ತೋರ್ಸು, ಛಲೋವು.”

“ಯಾಕ ಮಾವ, ಖೋಲಿಗಿ ಏನಾತು?”

“ಹಬ್ಬಕ್ಕ ಹೆಣ್ಣಮಕ್ಕಳು ಬರಾಕತ್ಯಾರ.”

ಗುರುಲಿಂಗ ನಕ್ಕ. ಅಂಗಡಿಯಲ್ಲಿದ್ದ ಬೇರೆಯವರೂ ತಿರುಗಿ ನೋಡಿದರು. “ಏನ್ ಮಾವ, ಚಾಷ್ಟಿ ಮಾಡ್ತೀರಿ? ನಿಮಗ ಇಬ್ರೂ ಗಂಡಸ ಹುಡುಗ್ರು. ಹೆಣ್ಣಮಕ್ಕಳು ಎಲ್ಲಿಂದ ಬಂದ್ರು?”

“ಪುಣೆಯಿಂದ,” ಎಂದೆ. “ಹನ್ನೊಂದ ಮಂದಿ.”

ಅವನು ಬಾಯಿ ತೆರೆದು ನಿಂತ. ನಾನು ಹಸಿರು, ಕೆಂಪು, ಹಳದಿ ಎಂದು ಖಣಗಳನ್ನು ಒಂದೊಂದಾಗಿ ಆರಿಸತೊಡಗಿದೆ.